ತೋಯದ ಶಿವದಾರ

“ಈಕಿ ಕುತ್ತಿಗಿ ಮ್ಯಾಲಿನ ಗುರುತು ಬರೀಬ್ಯಾಡ್ರಿ. ಅದರ ಜರೂರತ್ ಇಲ್ಲ.”

ಸುತ್ತಲಿನ ಠಾಣೆಗಳ ಮೇಲಿನ ಪೋಲೀಸ್ ಅಧಿಕಾರಿ, ಸದರ ಅಮೀನ ಶಹಾಬುದ್ದೀನ ಸಾಹೇಬರು ಗುಲಬರ್ಗಾದಿಂದ ಮುಂಜಾನೆಯ ರೈಲಿಗೆ ಬಂದಿದ್ದರು. ಬಂದವರೇ ಶಹಾಬಾದ ಠಾಣೆಯ ಒಂದೇ ಒಂದು ಕುರ್ಚಿಯಲ್ಲಿ ಕೂತು, ಟೋಪಿ ತೆಗೆದು ಮೊಣಕಾಲಿನ ಮೇಲಿಟ್ಟುಕೊಂಡು, ಕಾಗದ ಕೇಳಿದ್ದರು.

ಠಾಣೆಯ ಅಮೀನ ಗುಲಾಮ ದಸ್ತಗೀರ ನಿಂತುಕೊಂಡೇ ಬರೆಯುತ್ತಿದ್ದ. ಎದುರಿಗೆ ನೆಲದ ಮೇಲೆ ಜೈತುನ್ಬೀ ಕೂತಿದ್ದಳು. ಅವಳ ಕುತ್ತಿಗೆಯ ಎರಡೂ ಮಗ್ಗುಲಿಗೆ ಬೆರಳುಗಳು ಮೂಡಿದ್ದವು. ನೀಲಿಯಾಗಿ, ಯಾರೋ ಶಾಯಿ ಹಚ್ಚಿ ಒತ್ತಿದ ಹಾಗೆ.

ಕಲ್ಲಿನ ಖಣಿಯಲ್ಲಿ ದುಡಿಯುವ ಹೆಣ್ಣುಮಗಳು. ಗಂಡ ಚಾಂದ್ ಕುಡಿದು ಬಂದು ಕುತ್ತಿಗೆ ಹಿಚುಕಿದಾಗ ಕೈಗೆ ಸಿಕ್ಕ ಸುತ್ತಿಗೆಯಿಂದ ಒಂದೇ ಒಂದು ಏಟು ಹಾಕಿದ್ದಳು. ಅವನು ಏಳಲಿಲ್ಲ. ಅವಳೇ ನಡೆದು ಬಂದು ಠಾಣೆಯ ಕಟ್ಟೆಯ ಮೇಲೆ ಕೂತಿದ್ದಳು.

“ಜರೂರತ್ ಇಲ್ಲಂದ್ರ ಹ್ಯಾಂಗ, ಹುಜೂರ್?” ಎಂದ ದಸ್ತಗೀರ. “ಅಂವ ಹಿಚುಕಿದ್ದಕ್ಕೇ ಈಕಿ ಹೊಡದಾಳ.”

“ಗಂಡನ್ನ ಕೊಂದಾಳೋ ಇಲ್ಲೋ?”

“ಕೊಂದಾಳ್ರಿ.”

“ಬಸ್. ಅಷ್ಟೇ ಬರೀರಿ.”

ಜೈತುನ್ಬೀ ತಲೆ ಎತ್ತಿದಳು. ಹಿಚುಕಿದ ಗಂಟಲಿನಿಂದ ಮಾತು ಒಡೆದು ಒಡೆದು ಬಂತು. “ಸಾಹೇಬ, ನಾನೇ ಸತ್ತಿದ್ರ ಏನ್ ಬರೀತಿದ್ರಿ?”

ಬಾಗಿಲ ಬಳಿ ನಿಂತಿದ್ದ ಜಮಾದಾರ ಸಂಗಣ್ಣ ಗೋಡೆಗೆ ಹೇಳುವವನಂತೆ ಗೊಣಗಿದ. “ಜ್ವರ ಬಂದು ಸತ್ತಳಂತ ಬರೀತಿದ್ದಿವು, ಬಿಡವ್ವ.”

“ಏನಂದಿ, ಜಮಾದಾರ?”

“ಬಿಸಲ ಭಾಳ ಅದ ಅಂದ್ನಿರಿ, ಹುಜೂರ್.”

ಸದರ ಅಮೀನರು ಎರಡನೆಯ ಕಾಗದಕ್ಕೆ ಕೈ ಚಾಚಿದರು. ಅದು ವಿಮಲಾಬಾಯಿಯದು. ಖಣಿಗಳ ಮಾಲೀಕ ಬಸವಂತರಾಯನ ಹೆಂಡತಿ. ನಿನ್ನೆ ಮುಂಜಾನೆ ಹಿತ್ತಲ ಬಾವಿಯಲ್ಲಿ ಅವಳ ಹೆಣ ಸಿಕ್ಕಿತ್ತು, ಹೊತ್ತು ಮುಳುಗುವುದರೊಳಗೆ ಮಣ್ಣೂ ಆಗಿತ್ತು.

“ನೀರು ಸೇದಾಕ ಹೋಗ್ಯಾಳ, ಕಾಲು ಜಾರ್ಯದ, ತಲೀಗಿ ಬಾವಿ ಕಲ್ಲು ಬಡದದ. ಗಂಡ ಹೊತ್ತು ಮೂಡೂದ್ರೊಳಗ ಖಣೀಗಿ ಹೋಗಿದ್ದ. ಪಂಚರೆಲ್ಲ ಒಪ್ಪ್ಯಾರ. ಮತ್ತ ಈ ಕಾಗದ ಇನ್ನೂ ಯಾಕ ತೆರದದ, ಅಮೀನ್ ಸಾಹೇಬ?”

“ಗಾಯ ಹಿಂದಲಿಗಿ ಅದ, ಹುಜೂರ್. ಮುಂದ ಬಾಗಿ ನೀರು ಸೇದಾಕಿ ಬಿದ್ರ ಹಣಿ ಒಡೀಬೇಕು.”

“ಬೀಳೋವಾಗ ತಿರುಗ್ಯಾಳ.” ಸದರ ಅಮೀನರು ಎದ್ದು ಟೋಪಿ ಹಾಕಿಕೊಂಡರು. “ನೋಡ್ರಿ, ಸಂಜಿ ಗಾಡಿಗಿ ನಾ ವಾಪಸ್ ಹೋಗತೀನಿ. ಈ ಹೆಂಗಸಿಗೂ ಒಯ್ಯತೀನಿ, ಆ ಕಾಗದಾನೂ ಮುಚ್ಚಿ ಒಯ್ಯತೀನಿ. ಅಲ್ಲೀತನಕ ನಿಮಗ ಏನಾರ ಸಿಕ್ರ ಹೇಳ್ರಿ. ಬಸವಂತರಾಯರು ಊಟಕ್ಕ ಕರದಾರ, ಅಲ್ಲೇ ಇರತೀನಿ.”

ಒಬ್ಬಳ ಕುತ್ತಿಗೆಯ ಮೇಲಿದ್ದ ಗುರುತನ್ನು ಬರೆಯುವ ಹಾಗಿಲ್ಲ. ಇನ್ನೊಬ್ಬಳ ತಲೆಯ ಗಾಯಕ್ಕೆ ಕಲ್ಲನ್ನು ಹುಡುಕಿ ಕೊಟ್ಟಾಗಿತ್ತು. ಮಗಳನ್ನು ಸೇಡಮಿಗೆ ಕೊಟ್ಟು ವರ್ಷ ತುಂಬಿರದ ದಸ್ತಗೀರ, ಬರೆದ ಕಾಗದವನ್ನು ಮಡಚುವಾಗ ಜೈತುನ್ಬೀಯ ಮುಖ ನೋಡಲಿಲ್ಲ.

*

ಶಹಾಬಾದದ ಬಿಸಿಲು ಮೇಲಿನಿಂದ ಬೀಳುವುದಕ್ಕಿಂತ ಕೆಳಗಿನ ಕಲ್ಲಿನಿಂದ ಏಳುವುದೇ ಹೆಚ್ಚು. ಓಣಿಯಲ್ಲಿ ನಾಯಿ ಕೂಡ ಇರಲಿಲ್ಲ. ಸಂಗಣ್ಣ ತಲೆಗೆ ವಲ್ಲಿ ಸುತ್ತಿಕೊಂಡು ಎರಡು ಹೆಜ್ಜೆ ಹಿಂದೆ ಬರುತ್ತಿದ್ದ.

“ಸಾಹೇಬ್ರ, ಒಂದು ಮಾತು ಕೇಳಲೇನ್ರಿ? ಹೆಣ ಮಣ್ಣಾಗ ಅದ. ಪಂಚರು ರಾಯನ ಪಡಸಾಲ್ಯಾಗ ಅದಾರ. ನೀವ್ ಯಾವ ಹಗ್ಗ ಹಿಡದು ಬಾವೀಗಿ ಇಳೀತೀರಿ?”

“ನಿನ್ನಿ ಹೆಣ ನೋಡ್ದಾಗ ನೀ ಎಲ್ಲಿದ್ದಿ?”

“ಮಂದಿ ತಡೀಲಿಕತ್ತಿದ್ನಿರಿ.”

“ನಾ ಹತ್ತಿರ ಇದ್ದೆ.” ದಸ್ತಗೀರ ನಡಿಗೆ ನಿಧಾನ ಮಾಡಿದ. “ಸೀರಿ ತೊಯ್ದು ಮೈಗಿ ಅಂಟಿತ್ತು. ಕೂದಲದಾಗಿಂದ ನೀರು ಇಳೀಲಿಕತ್ತಿತ್ತು. ಆದರ ಕೊರಳಾಗ ಇತ್ತಲ್ಲ, ನಿಮ್ಮ ಶಿವದಾರ, ಅದು ಒಣಗಿತ್ತು.”

“ಬಿಸಲಾಗ ಒಣಗಿರಬೇಕ್ರಿ.”

“ಸೀರಿ ಒಣಗಲಾರದ ದಾರ ಒಣಗತದೇನು? ಹತ್ತಿ ದಾರ, ಸಂಗಣ್ಣ. ಹೊರಗ ತಗದು ಭಾಳ ಹೊತ್ತಾಗಿರಲಿಲ್ಲ.”

ಸಂಗಣ್ಣ ನಿಂತ. ಅವನ ಕೈ ತಾನಾಗಿಯೇ ಅಂಗಿಯ ಮೇಲಿಂದ ಎದೆಯ ಲಿಂಗವನ್ನು ಮುಟ್ಟಿಕೊಂಡಿತು. ಹುಟ್ಟಿದ ಕೂಸಿಗೆ ಗುರು ಕಟ್ಟಿದ್ದು ಸತ್ತಾಗ ಮಣ್ಣಿಗೆ ಜೊತೆಯಲ್ಲಿ ಹೋಗಬೇಕು. ನಡುವೆ ಒಂದು ಗಳಿಗೆಯೂ ಮೈಯಿಂದ ದೂರ ಇರಬಾರದು. ಇದ್ದರೆ ಅದು ಪೂಜೆಯಲ್ಲಿ, ಎಡ ಅಂಗೈಯ ಮೇಲೆ.

“ಅಂದ್ರ...” ಎಂದ ಅವನು.

“ಅಂದ್ರ ಆಕಿ ಬಾವೀಗಿ ಬಿದ್ದಾಗ ಆಕಿ ಮೈ ಮ್ಯಾಲ ಲಿಂಗ ಇದ್ದಿಲ್ಲ. ಹೆಣ ತಗದ ಮ್ಯಾಲ ಯಾರೋ ಕಟ್ಟ್ಯಾರ.”

“ಲಿಂಗ ಇಲ್ಲದ ಬಾವೀಗಿ ಹೋಗಾಕಿ ಅಲ್ರಿ ಆಕಿ. ಭಾಳ ನೇಮದಾಕಿ.”

“ಅದಕ್ಕೇ ಹೊಂಟೀನಿ.”

*

ಬಸವಂತರಾಯನ ವಾಡೆಯ ಪಡಸಾಲೆಯಿಂದ ನಗುವಿನ ಸದ್ದು ಬರುತ್ತಿತ್ತು. ತುಪ್ಪದ ವಾಸನೆಯೂ ಬರುತ್ತಿತ್ತು. ದಸ್ತಗೀರ ಮುಂಬಾಗಿಲು ಬಿಟ್ಟು ಹಿತ್ತಲ ಕಡೆಯಿಂದ ಒಳಗೆ ಬಂದ.

ಬಾವಿಯ ಬಳಿ ನೆರೆಮನೆಯ ರತ್ನಾಬಾಯಿ ಕೊಡ ತೊಳೆಯುತ್ತಿದ್ದಳು. ಪೋಲೀಸರನ್ನು ಕಂಡು ಸೆರಗು ಎಳೆದುಕೊಂಡಳೇ ಹೊರತು ಮಾತು ಎಳೆದುಕೊಳ್ಳಲಿಲ್ಲ.

“ಬರ್ರಿ ಸಾಹೇಬ್ರ, ನೀವೂ ಉಣ್ಣಾಕ ಬಂದ್ರೇನು? ಒಲಿ ಹಚ್ಚಬಾರದ ಮನ್ಯಾಗ ನಿಮ್ಮ ದೊಡ್ಡ ಸಾಹೇಬರಿಗಿ ಶೀರಾ ಆಗ್ಯದ. ನನ್ನ ಒಲಿ ಮ್ಯಾಲೇ ಮಾಡಿಸ್ಯಾನ ಪುಣ್ಯಾತ್ಮ.”

“ದೊಡ್ಡವ್ವ ಎಲ್ಲಿ?”

“ದೇವರ ಖೋಲ್ಯಾಗ ಅದಾಳ. ನಿನ್ನಿ ಮುಂಜಾನಿಯಿಂದ ಒಂದು ಹನಿ ನೀರು ಮುಟ್ಟಿಲ್ರಿ. ಮಜ್ಜಿಗಿ ಒಯ್ದೆ, ಮಾರಿ ತಿರುವಿದಳು. ಮಣ್ಣಾಗಿ ಬಂದ ಮ್ಯಾಲ ಎಲ್ಲಾರೂ ನೀರು ಕುಡದಾರ, ಆಕಿ ಮಾತ್ರ ಕುಡೀವಲ್ಲಳು. ಸೊಸೀ ಮ್ಯಾಲ ಅಷ್ಟು ಜೀವ.” ಅವಳು ಕೊಡ ಬೋರಲು ಹಾಕಿದಳು. “ಸತ್ತ ಮ್ಯಾಲಾದ್ರೂ ವಿಮಲಾಗ ಬೆಳ್ಳಿ ಸಿಕ್ತು ಬಿಡ್ರಿ, ಅದೊಂದು ಸಮಾಧಾನ.”

“ಯಾವ ಬೆಳ್ಳಿ?”

“ಕರಡಗಿರಿ, ಲಿಂಗ ಇಡೋ ಡಬ್ಬಿ. ಇದ್ದಾಗ ಒಂದು ಬೆಳ್ಳಿ ಕರಡಗಿ ಮಾಡಿಸಿ ಕೊಡು ಅಂತ ಎಷ್ಟು ಸರ್ತಿ ಕೇಳ್ಯಾಳ ಗಂಡಗ. ಅರಿವ್ಯಾಗೇ ಲಿಂಗ ಕಟ್ಕೊಂಡು ತಿರುಗತಿದ್ಲು ಪಾಪ. ನಿನ್ನಿ ನೋಡ್ತೀನಿ, ಹೆಣದ ಎದೀ ಮ್ಯಾಲ ಬೆಳ್ಳಿ ಕರಡಗಿ! ಹಳೇದು, ಒಂದು ಕಡಿ ನೆಗ್ಗಿತ್ತು ಖರೆ. ಆದ್ರೂ ಬೆಳ್ಳಿ ಬೆಳ್ಳೀನೇ ಅಲ್ರೀ?”

ದಸ್ತಗೀರ ಸಂಗಣ್ಣನ ಕಡೆ ನೋಡಿದ.

ಒಬ್ಬರ ಲಿಂಗ ಇನ್ನೊಬ್ಬರ ಕೊರಳಿಗೆ ಹೋಗುವುದಿಲ್ಲ. ಅದು ಚಿಂಚೋಳಿಯಲ್ಲಿ ಲಿಂಗಾಯತರ ಓಣಿಯಲ್ಲೇ ಬೆಳೆದ ದಸ್ತಗೀರನಿಗೂ ಗೊತ್ತಿತ್ತು. ಅವನ ಮನೆಯ ಗೋಡೆಗೆ ಹತ್ತಿದ ಗೋಡೆಯ ಆಚೆ ಒಬ್ಬ ಮುದುಕ ಇದ್ದ. ಹೊಳೆಯಲ್ಲಿ ಈಜುವಾಗ ಲಿಂಗ ಕಳೆದುಹೋಗಿ, ಮಠದಿಂದ ಅಯ್ಯನವರು ಬಂದು ಬೇರೆ ಲಿಂಗ ಕಟ್ಟುವ ತನಕ ಅವನು ಉಗುಳು ಕೂಡ ನುಂಗಲಿಲ್ಲ ಎಂದು ಓಣಿಯೆಲ್ಲ ಮಾತಾಡಿಕೊಂಡಿತ್ತು.

ಮೈ ಮೇಲೆ ಲಿಂಗ ಇಲ್ಲದವರು ನೀರು ಕುಡಿಯುವುದಿಲ್ಲ.

*

ದೇವರ ಖೋಲಿಯ ನೆಲಕ್ಕೆ ಶಹಾಬಾದದ ಕಲ್ಲೇ ಹಾಸಿತ್ತು. ಮನೆಯ ಬೇರೆ ಕಡೆ ಕಲ್ಲಿನ ಮೇಲೆ ಎರಡು ದಿನದ ಧೂಳು, ಮಂದಿಯ ಕಾಲಿನ ಮಣ್ಣು. ಇಲ್ಲಿ ಮಾತ್ರ ಬೂದಿ ಹಚ್ಚಿ ತಿಕ್ಕಿ ತೊಳೆದಿದ್ದರು. ಜಗಲಿಯ ಮುಂದೆ ಪತ್ರಿ ಒಣಗಿತ್ತು, ವಿಭೂತಿ ಗಟ್ಟಿ ಇತ್ತು. ಪೂಜೆಗೆ ಕೂರುವ ಜೋಡಿ ಮಣೆಯಲ್ಲಿ ಒಂದು ಇರಲಿಲ್ಲ.

ಗುರುಲಿಂಗಮ್ಮ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದಳು. ಬಸವಂತರಾಯನ ತಾಯಿ. ಅರವತ್ತು ದಾಟಿದ ಎತ್ತರದ ಹೆಂಗಸು. ನಿನ್ನೆ ನೋಡಿದ್ದಕ್ಕಿಂತ ಇವತ್ತು ಚಿಕ್ಕವಳಾಗಿ ಕಾಣುತ್ತಿದ್ದಳು. ತುಟಿಯ ಚರ್ಮ ಎದ್ದು ಬಂದಿತ್ತು.

ದಸ್ತಗೀರ ಹೊಸ್ತಿಲು ದಾಟಲಿಲ್ಲ. ಬೂಟು ಬಿಚ್ಚಿ ಹೊರಗೇ ಕೂತ. ಸಂಗಣ್ಣ ಒಳಗೆ ಹೋಗಿ, ಒಂದು ಚರಿಗೆ ನೀರನ್ನು ಅವಳ ಮುಂದಿಟ್ಟು ಕೈಮುಗಿದ.

“ಕುಡೀರಿ ಯವ್ವಾ.”

“ಒಯ್ಯಪ್ಪ. ದಾಹ ಇಲ್ಲ.”

“ಅವ್ವಾರ,” ಎಂದ ದಸ್ತಗೀರ. “ದಾಹ ಇಲ್ಲೋ, ಕೊರಳಾಗ ಶಿವದಾರ ಇಲ್ಲೋ?”

ಅವಳ ಕೈ ಸೆರಗಿಗೆ ಹೋಯಿತು. ಎದೆಯ ಮೇಲೆ ಎಳೆದುಕೊಂಡು ಮುಷ್ಟಿಯಲ್ಲಿ ಹಿಡಿದಳು. ಪಡಸಾಲೆಯಲ್ಲಿ ಯಾರೋ ಇನ್ನಷ್ಟು ಬಡಿಸಲು ಒತ್ತಾಯ ಮಾಡುತ್ತಿದ್ದರು.

“ನೀ ತುರುಕರಾವ. ನಿನಗ ಹ್ಯಾಂಗ ತಿಳೀತು?”

“ನಿಮ್ಮೋರ ಮನಿ ಅಂಗಳದಾಗ ಆಡಿ ಬೆಳದಾವರಿ ನಾ.”

“ಮತ್ತ ಅಯ್ಯನೋರು ಹೆಣದ ಹತ್ತಿರೇ ಇದ್ರು, ಅವ್ರಿಗೇ ತಿಳೀಲಿಲ್ಲ.” ಅವಳು ನಕ್ಕ ಹಾಗೆ ಮಾಡಿದಳು, ತುಟಿ ಒಡೆದು ರಕ್ತ ಬಂತು. “ಕರಡಗಿ ಕಂಡ್ರು, ಸುಮ್ಮನಾದ್ರು.”

“ಯಾಕ ಕಟ್ಟಿದ್ರಿ?”

“ಆಕೀಗಿ ಮ್ಯಾಲ ತಗದಾಗ ಎದಿ ಬರೇದಿತ್ತು, ಸಾಹೇಬ. ಬರೇ ಎದಿ. ನನ್ನ ಮನೀಗಿ ಬಂದಾಗ ಹನ್ನೆರಡು ವರ್ಷದಾಕಿ. ತಲಿ ಬಾಚಿದಾಕಿ ನಾ, ಮೈ ನೆರದಾಗ ಆರತಿ ಮಾಡಿದಾಕಿ ನಾ. ಆ ಕೂಸು ಲಿಂಗಿಲ್ಲದ ಮಣ್ಣಿಗಿ ಹೋಗಬೇಕೇನು? ಮಂದಿ ಬರೋದ್ರಾಗ ನಂದು ಬಿಚ್ಚಿ ಕಟ್ಟಿದೆ. ಅಷ್ಟೇ ತಿಳೀತು ಆಗ. ಮುಂದಿಂದು ತಿಳೀಲಿಲ್ಲ.”

“ಆಕೀದು ಎಲ್ಲಿ ಅದ?”

ಗುರುಲಿಂಗಮ್ಮ ಸೊಂಟದಿಂದ ಎಲೆಅಡಿಕೆಯ ಸಂಚಿ ತೆಗೆದಳು. ದಾರ ಬಿಚ್ಚಲು ಬೆರಳಿಗೆ ಆಗಲಿಲ್ಲ. ಸಂಗಣ್ಣ ಸಹಾಯಕ್ಕೆ ಬಾಗಿದ, ಅವಳು ಕೊಡಲಿಲ್ಲ. ಹಲ್ಲಿನಿಂದ ಬಿಚ್ಚಿ, ಅಂಗೈ ಮೇಲೆ ಸುರುವಿದಳು.

ಬಿಳಿ ಅರಿವೆಯ ತುಂಡು. ಅದರಲ್ಲಿ ಒಂದು ಲಿಂಗ. ಮೇಲಿನ ಕರಿಯ ಕಂತಿಯ ಲೇಪ ಅರ್ಧ ಒಡೆದು ಒಳಗಿನ ಕಲ್ಲು ಕಾಣುತ್ತಿತ್ತು. ಅರಿವೆಯ ಒಂದು ಮೂಲೆ ಕಂದಾಗಿ ಬಿರುಸಾಗಿತ್ತು.

ಸಂಗಣ್ಣ ಮುಖ ಆಚೆ ತಿರುಗಿಸಿದ. ಒಡೆದು ಭಿನ್ನವಾದ ಲಿಂಗವನ್ನು ಮೈ ಮೇಲೆ ಕಟ್ಟುವಂತಿಲ್ಲ, ನೋಡುವುದೂ ಅವನಿಂದ ಆಗಲಿಲ್ಲ.

“ಎಲ್ಲಿ ಸಿಕ್ತು?” ಎಂದ ದಸ್ತಗೀರ.

“ಆ ಮೂಲ್ಯಾಗ. ಉರುಳಿ ಹೋಗಿತ್ತು.” ಅವಳು ಗೋಡೆಯ ಬುಡ ತೋರಿಸಿದಳು. “ಅಂಗೈಯಾಗ ಇಟ್ಕೊಂಡು ಕುಂತಿದ್ಲು. ಕಣ್ಣು ಮುಚ್ಚಿದ್ಲು. ಕರದ್ರ ಏಳಲಿಲ್ಲ. ಲಿಂಗ ಕೈಯಾಗ ಇದ್ದಾಗ ಹ್ಯಾಂಗ ಏಳತಾರ, ಸಾಹೇಬ? ನೀನೇ ಹೇಳು. ಬುತ್ತಿ ಕಟ್ಟಿಲ್ಲ, ಕಟ್ಟಿಲ್ಲ ಅಂತ ಕೂಗಿದ್ರ... ಬುತ್ತಿ ಏನು, ಒಂದು ಗಳಿಗಿ ತಡದ್ರ ಆಗತಿರಲಿಲ್ಲೇನು?”

“ಯಾರು ಕೂಗಿದ್ರು, ಅವ್ವಾರ?”

ಅವಳು ಬಾಯಿ ಮುಚ್ಚಿದಳು. ಮಾತು ಎಲ್ಲಿಗೆ ಹೋಗಿತ್ತು ಎಂಬುದು ಅವಳಿಗೆ ಈಗ ತಿಳಿದಿತ್ತು.

“ಬುತ್ತಿ ಖಣೀಗಿ ಹೋಗೋವರಿಗಿ ಕಟ್ಟತಾರ,” ಎಂದ ದಸ್ತಗೀರ ಮೆಲ್ಲಗೆ. “ಈ ಮನ್ಯಾಗ ಖಣೀಗಿ ಹೋಗಾವ ಒಬ್ಬನೇ.”

“ನನಗ ಒಬ್ಬನೇ ಮಗ.”

“ಆಕೀನೂ ಒಬ್ಬಾಕಿನೇ ಮಗಳಿದ್ದಳಂತ್ರಿ ಅವರವ್ವಗ.”

ಗುರುಲಿಂಗಮ್ಮ ಕಣ್ಣು ಮುಚ್ಚಿದಳು. ಅಳಲಿಕ್ಕೆ ಮೈಯಲ್ಲಿ ನೀರಿರಲಿಲ್ಲ. ಹೆಗಲು ಮಾತ್ರ ಅಲುಗಿದವು.

ದಸ್ತಗೀರ ಮುಂದೆ ಸರಿದು ಹೊಸ್ತಿಲಿಗೆ ಕೈ ಊರಿದ. “ಕೇಳ್ರಿ. ನಿಮ್ಮ ಮಾತಿಲ್ಲದ ನನ್ನ ಹತ್ತಿರ ಒಂದು ಒಣಗಿದ ದಾರ ಅದ, ಅಷ್ಟೇ. ಅದನ್ನ ಯಾರೂ ನಂಬಂಗಿಲ್ಲ. ನೀವು ಖರೆ ಹೇಳ್ರಿ. ಅದಕ್ಕೂ ಮೊದ್ಲ ನೀರು ಕುಡೀರಿ. ಸಂಗಣ್ಣನ್ನ ಈಗ ಓಡಸತೀನಿ, ಅಯ್ಯನೋರು ಬಂದು ಬ್ಯಾರೆ ಲಿಂಗ ಕಟ್ಟತಾರ.”

“ನಿಂದು ಎಲ್ಲಿ ಹೋಯ್ತವ್ವ ಅಂತ ಕೇಳತಾರಲ್ಲ?”

“ಕೇಳಲಿ.”

“ಗುರುವಿನ ಮುಂದ ಸುಳ್ಳ ಹೇಳಿ ಲಿಂಗ ಕಟ್ಟಿಸಿಕೊಳ್ಳಲೇನು? ಖರೆ ಹೇಳಿದ್ರ ಮಗ ಹೋಗತಾನ. ಸುಳ್ಳ ಹೇಳಿದ್ರ ಕಟ್ಟಿದ್ದು ಲಿಂಗ ಆಗಂಗಿಲ್ಲ, ಕಲ್ಲಾಗತದ.” ಅವಳು ಚರಿಗೆಯನ್ನು ಒಂದು ಬೆರಳಿನಿಂದ ದೂರ ಸರಿಸಿದಳು. “ಅದಕ್ಕೇ ಸುಮ್ಮ ಕುಂತೀನಿ. ಇನ್ನ ಭಾಳ ಹೊತ್ತಿಲ್ಲ, ಬಿಡು.”

“ಸಾಯತೀರಿ, ಯವ್ವಾ,” ಎಂದ ಸಂಗಣ್ಣ.

“ಹಾದಿಗಿ ಹತ್ತೀನಿ, ತಮ್ಮಾ.”

*

ಊಟ ಮುಗಿದಿತ್ತು. ಸದರ ಅಮೀನರು ಎಲೆ ಮೆಲ್ಲುತ್ತ ದೇವರ ಖೋಲಿಯ ಬಾಗಿಲಿಗೆ ಬಂದರು. ಹಿಂದೆ ಬಸವಂತರಾಯ. ನಲವತ್ತರ ಹತ್ತಿರದ ಮನುಷ್ಯ, ಮಡಿಸಿದ ರುಮಾಲು, ಶುಭ್ರ ಧೋತರ. ಹೆಂಡತಿ ಸತ್ತವನಂತೆ ಎಲ್ಲೂ ಕಾಣುತ್ತಿರಲಿಲ್ಲ, ಆದರೆ ಕಾಣಬೇಕಾದ ಕಡೆ ಕಣ್ಣು ಒರೆಸಿಕೊಳ್ಳುತ್ತಿದ್ದ.

“ಏನ್ ಅಮೀನ್ ಸಾಹೇಬ, ಮುದುಕೀನ ಯಾಕ ಗೋಳು ಹೊಯ್ಕೋತೀರಿ?”

ದಸ್ತಗೀರ ಎದ್ದು ನಿಂತು ಎಲ್ಲವನ್ನೂ ಹೇಳಿದ. ಒಣಗಿದ ದಾರ. ಅತ್ತೆಯ ಕರಡಿಗೆ ಸೊಸೆಯ ಎದೆಯ ಮೇಲೆ. ತೊಳೆದ ಕಲ್ಲು, ಇಲ್ಲದ ಮಣೆ. ಒಡೆದ ಲಿಂಗ. ವಿಮಲಾಬಾಯಿ ಬಾವಿಗೆ ಬೀಳುವ ಮುಂಚೆ ಇಲ್ಲಿ, ಈ ಕಲ್ಲಿನ ಮೇಲೆ, ಪೂಜೆಗೆ ಕೂತಾಗಲೇ ಹಿಂದಿನಿಂದ ಏಟು ಬಿದ್ದು ಸತ್ತಿದ್ದಾಳೆ ಎಂದ.

ಸದರ ಅಮೀನರು ಎಲೆ ಮೆಲ್ಲುವುದನ್ನು ನಿಲ್ಲಿಸಲಿಲ್ಲ. “ಒಂದು ದಾರದ ಮ್ಯಾಲ ಇಷ್ಟು ದೊಡ್ಡ ಮನಿಗಿ ಹಗ್ಗ ಹಾಕತೀರೇನು? ಒಡದಿದ್ದು ಯಾವಾಗಿಂದೋ. ರಾಯರೇ, ಹೆಂಡತಿಗಿ ಎಂದಾರ ಕೈ ಮಾಡೀರೇನು?”

“ಮನಿ ಅಂದ ಮ್ಯಾಲ ಒಂದು ಮಾತು ಬರತದ, ಒಂದು ಹೋಗತದ್ರಿ.”

“ಅದೇ. ಯಾವ ಮನ್ಯಾಗ ಇಲ್ಲ? ಅಷ್ಟಕ್ಕೇ ಖೂನ್ ಅಂತ ಬರದ್ರ, ಅಮೀನ್ ಸಾಹೇಬ, ನಿಜಾಮ ಸರಕಾರದ ಜೇಲು ಸಾಲಂಗಿಲ್ಲ.” ಅವರು ಗಡಿಯಾರ ನೋಡಿಕೊಂಡರು. “ಚಲ್ರಿ. ಕಾಗದ ಮುಚ್ಚರಿ.”

“ಮುಚ್ಚಬ್ಯಾಡ್ರಿ.”

ಎಲ್ಲರೂ ತಿರುಗಿದರು. ಗುರುಲಿಂಗಮ್ಮ ಗೋಡೆ ಹಿಡಿದು ಎದ್ದು ನಿಂತಿದ್ದಳು.

“ಈ ಸಾಹೇಬ ಹೇಳಿದ್ದು ಖರೆ. ಇಲ್ಲೇ ಸತ್ತಳು. ನಾ ಹೊಡದೀನಿ.”

ಓಣಿಯ ಕಡೆ ಒಂದು ಕಾಗೆ ಕೂಗಿತು. ಸದರ ಅಮೀನರು ಮೆಲ್ಲುವುದು ನಿಲ್ಲಿಸಿದರು.

“ಏನಂದಿ?”

“ನನ್ನ ಮಾತು ಕೇಳಲಿಲ್ಲಂತ ಸಿಟ್ಟು ಬಂತು. ಮಣಿ ತಗೊಂಡು ಹಿಂದಿನಿಂದ ಹೊಡದೆ. ಬಾವೀಗಿ ಒಗದೆ. ಮಣಿ ಒಲಿಗಿ ಹಾಕಿದೆ. ಅದಕ್ಕೇ ನಂದು ಆಕೀಗಿ ಕಟ್ಟೀನಿ.”

“ಅವ್ವಾರ, ಬ್ಯಾಡ್ರಿ,” ಎಂದ ದಸ್ತಗೀರ.

ಸದರ ಅಮೀನರ ಮುಖ ಬದಲಾಗಿತ್ತು. ಇಡೀ ದಿನದಲ್ಲಿ ಮೊದಲ ಸಲ ಅವರಿಗೆ ಈ ಸಾವಿನಲ್ಲಿ ಆಸಕ್ತಿ ಹುಟ್ಟಿತ್ತು. “ಅಮೀನ್ ಸಾಹೇಬ, ಕಾಗದ ತೆಗೀರಿ. ಲಗೂ. ಆ ಒಡದದ್ದನ್ನ ಜಪ್ತಿ ಮಾಡ್ರಿ. ಆ ದಾರದ ಮಾತು, ಕರಡಗಿ ಮಾತು, ಎಲ್ಲಾ ಬರೀರಿ. ಭಾಳ ಛಲೋ ಕೆಲಸ ಮಾಡೀರಿ ನೀವು.”

“ಹುಜೂರ್, ಈ ಮುದುಕೀಗಿ ತುಂಬಿದ ಕೊಡ ಎತ್ತಾಕ ಆಗಂಗಿಲ್ಲ. ಆಳೆತ್ತರದ ಹೆಂಗಸಿಗಿ ಹ್ಯಾಂಗ ಹಿತ್ತಲತನಕ ಒಯ್ದು ಬಾವೀಗಿ ಒಗದಾಳ?”

“ಹೆಂಗಸರ ಸಿಟ್ಟಿಗಿ ಬಲ ಭಾಳ ಇರತದ. ಬರೀರಿ.”

ಅವಳು ದಸ್ತಗೀರನನ್ನು ನೋಡುತ್ತಿದ್ದಳು. ನೋಟದಲ್ಲಿ ಕ್ಷಮೆ ಕೇಳುವಂಥದೇನೋ ಇತ್ತು. “ಮಗ ಹೊಡದಾನಂದ್ರ ಇವ್ರು ನಂಬತಿದ್ದಿಲ್ಲ, ಸಾಹೇಬ,” ಎಂದಳು, ಅವನಿಗಷ್ಟೇ ಕೇಳುವ ಹಾಗೆ. “ಅತ್ತಿ ಹೊಡದಾಳಂದ್ರ ನೋಡು, ಹ್ಯಾಂಗ ನಂಬಿಬಿಟ್ರು. ವಿಮಲಾ ಜಾರಿ ಬಿದ್ದು ಸತ್ತಿಲ್ಲಂತ ಒಂದು ಕಾಗದದಾಗರ ಇರಲಿ.”

ದಸ್ತಗೀರ ಬರೆದ. ಅವನು ಹುಡುಕಿ ಹೆಕ್ಕಿದ ಒಂದೊಂದು ಸಾಕ್ಷಿಯೂ ಸಾಲಾಗಿ ಬಂದು ಅವಳ ಹೆಸರಿನ ಹಿಂದೆ ನಿಂತಿತು. ಒಂದೂ ಸುಳ್ಳಲ್ಲ. ಕಟ್ಟಿದವಳು ಅವಳೇ. ಬಚ್ಚಿಟ್ಟವಳು ಅವಳೇ. ಒಂದು ಅದಾಲತ್ತಿಗೆ ಇನ್ನೇನು ಬೇಕು?

“ರಾಯರೇ,” ಎಂದರು ಸದರ ಅಮೀನರು, “ನಿಮಗ ಇದು ಗೊತ್ತಿತ್ತೇನು?”

ಬಸವಂತರಾಯ ತಾಯಿಯ ಕಡೆ ನೋಡಿದ. ದಸ್ತಗೀರ ಲೇಖಣಿ ಎತ್ತಿ ಕಾದ. ಈಗಲಾದರೂ ಒಂದು ಮಾತು, ಸುಳ್ಳು, ನಮ್ಮವ್ವ ಸುಳ್ಳು ಹೇಳಲಿಕತ್ತಾಳ ಎಂಬ ಒಂದು ಮಾತು ಬರುತ್ತದೆಯೇ ಎಂದು ಆ ಖೋಲಿಯಲ್ಲಿ ಕಾಯದಿದ್ದವರು ಒಬ್ಬರೇ, ಅವಳು. ಅಥವಾ ಅವಳೂ ಕಾದಿದ್ದಳೋ ಏನೋ. ಅವಳ ಕತ್ತು ಸ್ವಲ್ಪ ಮುಂದೆ ಬಂದಿತ್ತು.

ಬಸವಂತರಾಯ ಧೋತರದ ಚುಂಗಿನಿಂದ ಕಣ್ಣು ಒರೆಸಿಕೊಂಡ.

“ಹೌದ್ರಿ, ಹುಜೂರ್. ಕಣ್ಣಾರ ಕಂಡೀನಿ. ಹಡದಾಕಿ ಮಾನ ಹೋಗತದಂತ ಹೊಟ್ಟ್ಯಾಗ ಇಟ್ಕೊಂಡಿದ್ದೆ.”

ಗುರುಲಿಂಗಮ್ಮನ ಕತ್ತು ಹಿಂದೆ ಹೋಯಿತು, ಯಾರೋ ಮುಖಕ್ಕೆ ಹೊಡೆದ ಹಾಗೆ.

“ಶಾಬಾಸ್,” ಎಂದರು ಸದರ ಅಮೀನರು. “ಕಣ್ಣಾರ ಕಂಡ ಗವಾಹಿನೂ ಆಯ್ತು. ಅಂಗೂಠಾ ಒತ್ತಸ್ರಿ.”

ಸಂಗಣ್ಣ ಮಸಿಯ ಡಬ್ಬಿ ಹಿಡಿದ. ಗುರುಲಿಂಗಮ್ಮ ಹೆಬ್ಬೆರಳು ಅದ್ದಿದಳು. ಕಾಗದದ ಮೇಲೆ ತಂದಳು. ಒತ್ತಲಿಲ್ಲ.

“ಬಸು,” ಎಂದಳು. “ನೀ ಖಣೀಗಿ ಹೋಗಿದ್ದಿ ಅಂತ ಬರಸೀದಿ. ಕಂಡಿದ್ದು ಎಲ್ಲಿ ನಿಂತೋ?”

ಬಸವಂತರಾಯ ಬಾಯಿ ತೆರೆದ. ಸದರ ಅಮೀನರ ಕಡೆ ನೋಡಿದ.

“ಅದನ್ನೆಲ್ಲ ಆಮ್ಯಾಲ ನೋಡಾನು,” ಎಂದರು ಸದರ ಅಮೀನರು. “ಗಾಡಿಗಿ ಹೊತ್ತಾಗತದ. ಒತ್ತು, ಅಜ್ಜಿ.”

ದಸ್ತಗೀರ ಬಾಗಿ, ಮಗನ ಮಾತಿನ ಕೆಳಗೆ ತಾಯಿಯ ಪ್ರಶ್ನೆಯನ್ನೂ ಬರೆದ. ಸದರ ಅಮೀನರು ನೋಡಿದರು. ಅವನು ತಲೆ ಎತ್ತಲಿಲ್ಲ.

“ನನಗ ನೋಡಿ ಹೇಳೋ,” ಎಂದಳು ಗುರುಲಿಂಗಮ್ಮ. “ನೀನಂತೂ ಹೊಡೀಲಿಲ್ಲಲ್ಲ, ಬಸು? ಅವ್ವ ಹೊಡದಾಳ, ನೀ ಕಂಡೀದಿ. ಹಂಗೇ ಅಲ್ಲೇನು?”

“ಹಂಗೇ, ಅವ್ವ,” ಎಂದ ಮಗ, ನೆಲ ನೋಡುತ್ತ.

ಗುರುಲಿಂಗಮ್ಮ ಕಾಗದದಿಂದ ಕೈ ಹಿಂದಕ್ಕೆ ತೆಗೆದಳು. ಆಮೇಲೆ ಹೆಬ್ಬೆರಳಿನ ಮಸಿಯನ್ನು ಬಿಳಿ ಸೀರೆಯ ಸೆರಗಿಗೆ ಒರೆಸಿಕೊಂಡಳು. ನಿಧಾನವಾಗಿ, ಬೆರಳು ಪೂರ್ತಿ ಸ್ವಚ್ಛವಾಗುವ ತನಕ.

“ಸಂಗಣ್ಣ, ಅಯ್ಯನೋರಿಗಿ ಕರಕೊಂಡು ಬಾರಪ್ಪ. ನನಗ ಲಿಂಗ ಕಟ್ಟಿಸಿಕೊಳ್ಳೋದದ.”

ಅದರ ಅರ್ಥ ಆ ಖೋಲಿಯಲ್ಲಿ ತಿಳಿಯದೆ ಇದ್ದವರು ಸದರ ಅಮೀನರೊಬ್ಬರೇ. ಸಂಗಣ್ಣ ಡಬ್ಬಿಯನ್ನು ನೆಲಕ್ಕಿಟ್ಟು ಬಾಗಿಲಿಗೆ ಓಡಿದ. ಬಸವಂತರಾಯ ಅಡ್ಡ ನಿಲ್ಲಲಿಲ್ಲ. ಪಕ್ಕಕ್ಕೆ ಸರಿದು ದಾರಿ ಕೊಟ್ಟ.

“ಅಯ್ಯನೋರು ಊರಾಗಿಲ್ಲವ್ವ,” ಎಂದ. ದನಿಯಲ್ಲಿ ಗಾಬರಿ ಇರಲಿಲ್ಲ. “ಮುಂಜಾನಿ ಗಾಡಿಗಿ ನಾನೇ ಹತ್ತಿಸಿ ಬಂದೀನಿ. ವಾಡಿ ದಾಟಿ ನಾಲವಾರಕ್ಕ ಹೋಗ್ಯಾರ, ಮಠಕ್ಕ. ನಾಕು ದಿನ ಬರಂಗಿಲ್ಲ.”

ಸಂಗಣ್ಣ ಹೊಸ್ತಿಲ ಮೇಲೆಯೇ ನಿಂತು, ಮುಟ್ಟದೆ ಉಳಿದ ನೀರಿನ ಚರಿಗೆಯತ್ತ ನೋಡಿದ.

ಗುರುಲಿಂಗಮ್ಮ ಮಗನ ಮುಖ ನೋಡಿದಳು. ಅವನು ಈ ಸಲ ನೆಲ ನೋಡಲಿಲ್ಲ, ಅವಳನ್ನೇ ನೋಡಿದ. ಅವಳ ತುಟಿ, ಅವಳ ಬರಿಯ ಕೊರಳು.

“ನಾ ಯಾಕ ನೀರು ಕುಡೀವಲ್ಲೆ ಅಂತ,” ಎಂದಳು, “ನಿನಗ ನಿನ್ನಿನೇ ಗೊತ್ತಿತ್ತೇನೋ?”

ಅವನು ರುಮಾಲು ಸರಿ ಮಾಡಿಕೊಂಡ. ಅವಳ ಕೈ ಗೋಡೆಯನ್ನು ಹುಡುಕಿತು. ಗೋಡೆ ಸಿಗಲಿಲ್ಲ.